ಇಪ್ಪತ್ತೆಂಟನೆಯ ಕಿಲೋಮೀಟರು: ನೀಲಿ ಟೇಪಿನ ಡಬ್ಬಿ

"ನಲವತ್ತೊಂಬತ್ತು ಮುನ್ನೂರು."

ಕೋಚ್ ಸುಜಯೀಂದ್ರ ಎಲ್ಲರಿಗೂ ಕೇಳುವಂತೆ ಓದಿದ. ತೂಕದ ಯಂತ್ರದ ಮೇಲೆ ನಿಂತಿದ್ದ ಹುಡುಗಿ ಕಣ್ಣು ಮುಚ್ಚಿಕೊಂಡಳು.

"ಹೋದ ವಾರಕ್ಕಿಂತ ಆರುನೂರು ಗ್ರಾಂ ಹೆಚ್ಚು. ಬುಟ್ಟಿ ಈ ವಾರ ನಿನ್ನದು."

ಚೆನ್ನೈನ ಪೋರೂರಿನ ಆ ಓಟದ ಕ್ಲಬ್ಬಿನಲ್ಲಿ ಅದು ನಿಯಮ. ಯಾರ ತೂಕ ಆ ವಾರ ಹೆಚ್ಚಿತೋ ಅವಳು ಅಭ್ಯಾಸ ಮುಗಿದ ಮೇಲೆ ಬಾಳೆಹಣ್ಣಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಲ್ಲಬೇಕು. ಉಳಿದವರು ಒಂದೊಂದು ಹಣ್ಣು ತೆಗೆದುಕೊಂಡು ಅವಳ ಎದುರಿಗೇ ಸುಲಿದು ತಿನ್ನಬೇಕು. ಅವಳಿಗೆ ಮಾತ್ರ ಇಲ್ಲ. ಹುಡುಗಿ ಬುಟ್ಟಿ ಎತ್ತಿಕೊಂಡಳು. ಅವಳು ಬೆಳಿಗ್ಗೆ ಹದಿನೆಂಟು ಕಿಲೋಮೀಟರು ಓಡಿ ಬಂದಿದ್ದಳು.

ಕಿಟಕಿಯ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ಭವಾನಿ ಎಲ್ಲವನ್ನೂ ನೋಡುತ್ತಿದ್ದಳು. ಗೋಡೆಯ ಬಿಳಿ ಹಲಗೆಯ ಮೇಲೆ ಹನ್ನೆರಡು ಹೆಸರುಗಳಿದ್ದವು, ಪ್ರತಿ ಹೆಸರಿನ ಎದುರಿಗೆ ತೂಕ. ನಾಲ್ಕನೆಯ ಹೆಸರು ಹರ್ಷಿಣಿ. ನಲವತ್ತಾರು ಕಿಲೋ ಇನ್ನೂರು ಗ್ರಾಂ. ಅದನ್ನು ಯಾರೂ ಅಳಿಸಿರಲಿಲ್ಲ.

ಹರ್ಷಿಣಿ ಸತ್ತು ಇಂದಿಗೆ ಇಪ್ಪತ್ತು ದಿನ. ಮೂವತ್ತೆರಡು ಕಿಲೋಮೀಟರಿನ ಭಾನುವಾರದ ಅಭ್ಯಾಸದಲ್ಲಿ, ಇಪ್ಪತ್ತೆಂಟನೆಯ ಕಿಲೋಮೀಟರಿನಲ್ಲಿ, ಕೆರೆಯ ಪಕ್ಕದ ರಸ್ತೆಯಲ್ಲಿ ಬಿದ್ದಳು; ಬಿಸಿಲಿನ ಹೊಡೆತ ಎಂದು ಡಾಕ್ಟರು ಬರೆದರು, ಪೊಲೀಸರು ಕಡತ ಮುಚ್ಚಿದರು. ಅವಳ ಸೊಂಟದ ಪಟ್ಟಿಯಲ್ಲಿ ಉಳಿದಿದ್ದ ಉಪ್ಪಿನ ಕ್ಯಾಪ್ಸೂಲಿನ ಡಬ್ಬಿಯನ್ನು, ಅಕ್ಕ ಹೇಗೆ ಸತ್ತಳೆಂದು ವಿಚಾರಿಸಿ ನೋಡಿ ಎಂದು, ತಂಗಿ ದೀಕ್ಷಿತಾ ಭವಾನಿಗೆ ತಂದುಕೊಟ್ಟಿದ್ದಳು. ಲ್ಯಾಬಿನ ವರದಿ ನಿನ್ನೆ ಸಂಜೆ ಬಂದಿತ್ತು.

ಹುಡುಗಿಯರೆಲ್ಲ ಹೋದ ಮೇಲೆ ಭವಾನಿ ಆ ವರದಿಯ ಪ್ರತಿಯನ್ನು ಮೇಜಿನ ಮೇಲಿಟ್ಟಳು. ಸುಜಯೀಂದ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ. ಐವತ್ತು ದಾಟಿದ ಮನುಷ್ಯ. ಇಪ್ಪತ್ತು ವರ್ಷ ಮ್ಯಾರಥಾನ್ ಓಡಿ, ಹತ್ತು ವರ್ಷದಿಂದ ಬೇರೆಯವರನ್ನು ಓಡಿಸುತ್ತಿದ್ದ. ಹೊಟ್ಟೆ ಇರಲಿಲ್ಲ, ಮುಖದಲ್ಲಿ ಮಾಂಸವಿರಲಿಲ್ಲ.

ಉಳಿದಿದ್ದ ಮೂರು ಕ್ಯಾಪ್ಸೂಲುಗಳಲ್ಲಿ ಉಪ್ಪಿನ ಒಂದು ಹರಳೂ ಇರಲಿಲ್ಲ. ಇದ್ದದ್ದು ಶುದ್ಧ ಕೆಫೀನಿನ ಪುಡಿ. ಕಾಫಿಯಲ್ಲಿ ಇರುವ ಅದೇ ವಸ್ತು. ಓಟಗಾರರು ದಣಿವು ತಡವಾಗಿ ಬರಲಿ ಎಂದು ಚಿಟಿಕೆಯಷ್ಟು ತೆಗೆದುಕೊಳ್ಳುವುದೂ ಉಂಟು. ಆದರೆ ಈ ಒಂದೊಂದು ಕ್ಯಾಪ್ಸೂಲಿನಲ್ಲೂ ಏಳೆಂಟು ಲೋಟ ಗಟ್ಟಿ ಕಾಫಿಯಷ್ಟಿತ್ತು. ಡಬ್ಬಿಗೆ ಹಿಡಿಯುವುದು ಹದಿನಾಲ್ಕು. ಹರ್ಷಿಣಿ ಹನ್ನೊಂದನ್ನು ನುಂಗಿದ್ದಳು. ಸರ್ಕಾರಿ ಪ್ರಯೋಗಾಲಯದ ರಸಾಯನ ವಿಭಾಗದಲ್ಲಿ ಹದಿನಾಲ್ಕು ವರ್ಷ ದುಡಿದು, ಈಗ ಇಂಥ ಸಾವುಗಳನ್ನು ಖಾಸಗಿಯಾಗಿ ವಿಚಾರಿಸುತ್ತಿದ್ದ ಭವಾನಿಗೆ, ಆ ಬಿಸಿಲಲ್ಲಿ ಓಡುತ್ತಿರುವ ಹೃದಯಕ್ಕೆ ಅಷ್ಟು ಪುಡಿ ಏನು ಮಾಡುತ್ತದೆ ಎಂದು ಯಾರೂ ಹೇಳಬೇಕಾಗಿರಲಿಲ್ಲ.

ಸುಜಯೀಂದ್ರ ಗಾಬರಿಯಾಗಲಿಲ್ಲ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ. ಪ್ರತಿ ಹುಡುಗಿಗೂ ತಾನೇ ಒಂದು ಡಬ್ಬಿ, ಖಾಲಿ ಕ್ಯಾಪ್ಸೂಲು, ಉಪ್ಪಿನ ಪೊಟ್ಟಣ ಕೊಡುತ್ತೇನೆ, ಮನೆಯಲ್ಲಿ ತುಂಬಿಕೊಂಡು ಬರುತ್ತಾರೆ ಎಂದ. ಬೆವರಿನಲ್ಲಿ ಹೋಗುವ ಉಪ್ಪನ್ನು ತುಂಬಿಕೊಳ್ಳಲು ಮೂರು ಕಿಲೋಮೀಟರಿಗೆ ಒಂದು ನುಂಗಬೇಕು. ಒಬ್ಬರದು ಒಬ್ಬರಿಗೆ ಹೋಗದಿರಲಿ ಎಂದು ಡಬ್ಬಿಗೆ ಬಣ್ಣದ ಟೇಪು. ಹರ್ಷಿಣಿಯದು ನೀಲಿ, ದೀಕ್ಷಿತಾಳದು ಹಳದಿ. ಟೇಪನ್ನು ಅವನೇ ಕತ್ತರಿಯಿಂದ ಕತ್ತರಿಸಿ ಅಂಟಿಸುತ್ತಿದ್ದ.

ಕೆಫೀನಿನ ಪುಡಿ ಅವನ ಬಳಿಯೂ ಇತ್ತು. ಅದನ್ನೂ ಮುಚ್ಚಿಡಲಿಲ್ಲ. ಕಪಾಟು ತೆರೆದು ಬಿಳಿ ಟಿನ್ನುಗಳ ಸಾಲು ತೋರಿಸಿದ. ಐದು ಇರಬೇಕಾದಲ್ಲಿ ನಾಲ್ಕಿದ್ದವು.

ಒಂದು ಯಾವಾಗ ಹೋಯಿತು ಎಂದು ಭವಾನಿ ಕೇಳಿದಳು. ಹರ್ಷಿಣಿ ಸಾಯುವ ಎರಡು ದಿನ ಮೊದಲು ಎಂದ. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದರೆ, ಅವರು ಕೇಳಲಿಲ್ಲ ಎಂದ.

"ತಗೊಂಡಿದ್ದು ಯಾರು ಅಂತ ಗೊತ್ತೇನ್ರಿ?"

"ಹರ್ಷಿಣಿ."

ರಾಷ್ಟ್ರೀಯ ಶಿಬಿರಕ್ಕೆ ಈ ಕ್ಲಬ್ಬಿನಿಂದ ಹೋಗುವುದು ಒಬ್ಬಳೇ. ಅಕ್ಕತಂಗಿಯರ ಓಟದ ಸಮಯದಲ್ಲಿ ಅರ್ಧ ನಿಮಿಷದ ವ್ಯತ್ಯಾಸ. ಇಬ್ಬರನ್ನೂ ಎದುರಿಗೆ ನಿಲ್ಲಿಸಿ, ಒಬ್ಬಳಿಗೆ ಮಾತ್ರ ಜಾಗ, ಯಾರು ಅಂತ ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ ಎಂದು ಕಳಿಸಿದ್ದನಂತೆ. ಶುಕ್ರವಾರ ಹರ್ಷಿಣಿ ಒಬ್ಬಳೇ ಬಂದಳಂತೆ. ಎಷ್ಟು ಪುಡಿ ಹೊಟ್ಟೆಗೆ ಹೋದರೆ ಒಬ್ಬರು ಓಡಲಾರದೆ ಕೂರುತ್ತಾರೆ ಎಂದು ವಿಚಾರಿಸಿದಳಂತೆ.

"ನೀವು ಹೇಳಿದ್ರಿ?"

"ಕೇಳಿದಳು, ಹೇಳಿದೆ. ಗೆಲ್ಲಬೇಕು ಅನ್ನೋರು ಇಂಥದ್ದೆಲ್ಲ ಕೇಳ್ತಾರೆ ಮೇಡಂ. ಆ ಹುಡುಗಿಯಲ್ಲಿ ನನಗೆ ಹಿಡಿಸಿದ್ದೇ ಅದು."

ಭವಾನಿ ಅವನ ಮುಖವನ್ನೇ ನೋಡಿದಳು. ಅವನು ಹಲಗೆಯ ಕಡೆ ನೋಡುತ್ತಿದ್ದ.

ದೀಕ್ಷಿತಾ ಹೇಳಿದ್ದ ಇಪ್ಪತ್ತೆರಡನೆಯ ಕಿಲೋಮೀಟರಿನ ಬಗ್ಗೆ ಕೇಳಿದಾಗಲೂ ಅವನು ತಡವರಿಸಲಿಲ್ಲ. ಸ್ಕೂಟರಿನಲ್ಲಿ ಜೊತೆಗೇ ಇದ್ದೆ ಎಂದ. ಎದೆ ಪಟಪಟ ಅಂತಿದೆ ಸರ್ ಎಂದು ಹರ್ಷಿಣಿ ಹೇಳಿದ್ದು ನಿಜ. ಉಪ್ಪು ಕಡಿಮೆಯಾಗಿದೆ, ಇನ್ನೆರಡು ನುಂಗು ಎಂದದ್ದೂ ನಿಜ. ಅವಳು ನುಂಗಿದಳು. ಆರು ಕಿಲೋಮೀಟರು ಆಚೆ ಬಿದ್ದಳು. ದೀಕ್ಷಿತಾ ಅವಳ ಹಿಂದೆಯೇ ಬರುತ್ತಿದ್ದಳು. ನಿಲ್ಲಬೇಡ, ನಾನು ನೋಡ್ಕೋತೀನಿ, ಓಡು ಎಂದ. ದೀಕ್ಷಿತಾ ಅಕ್ಕನನ್ನು ದಾಟಿ ಓಡಿದಳು. ಮೂವತ್ತೆರಡನ್ನು ಮುಗಿಸಿದಳು. ಅದು ಅವಳ ಇದುವರೆಗಿನ ಅತ್ಯುತ್ತಮ ಸಮಯ. ಆ ಸಮಯ ಅದೇ ಹಲಗೆಯ ಮೇಲೆ ಕೆಂಪು ಮಸಿಯಲ್ಲಿತ್ತು.

"ನಿಮಗೆ ಏನೂ ಅನ್ನಿಸ್ಲಿಲ್ಲೇನ್ರಿ?"

"ಅನ್ನಿಸ್ತು. ಆರಿಸೋ ಕೆಲಸ ತಪ್ಪಿತು ಅಂತ."

ಭವಾನಿ ಎದ್ದಾಗ ಎಂಟೂವರೆ.

ಕ್ರೋಂಪೇಟೆಗೆ ಹೋಗುವ ಆಟೋದಲ್ಲಿ ಅವಳು ಚೀಲದಿಂದ ಡಬ್ಬಿಯನ್ನು ತೆಗೆದಳು. ಲ್ಯಾಬಿನವರು ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ವಾಪಸು ಕೊಟ್ಟಿದ್ದರು. ಬೆರಳುದ್ದದ ಡಬ್ಬಿ, ಸುತ್ತ ನೀಲಿ ಟೇಪು.

ಸುಜಯೀಂದ್ರ ಹೇಳಿದ್ದು ನಿಜವೆಂದೇ ಇಟ್ಟುಕೊಂಡರೂ ಒಂದು ಕಡೆ ಲೆಕ್ಕ ಕೂಡುತ್ತಿರಲಿಲ್ಲ. ತಂಗಿಯನ್ನು ಕೆಡವಲೆಂದು ಹರ್ಷಿಣಿ ಪುಡಿ ತುಂಬಿದ್ದರೆ ಅದು ಹಳದಿ ಡಬ್ಬಿಯಲ್ಲಿ ಇರಬೇಕಿತ್ತು. ತಾನೇ ತುಂಬಿದ ವಿಷವನ್ನು ತಾನೇ, ಮೂರು ಕಿಲೋಮೀಟರಿಗೊಂದರಂತೆ, ಯಾರೂ ನುಂಗುವುದಿಲ್ಲ.

ಪಲ್ಲಾವರದ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಭವಾನಿ ಭೂತಗನ್ನಡಿ ಹಿಡಿದು ಟೇಪಿನ ಅಂಚನ್ನು ನೋಡಿದಳು. ನೀಲಿಯ ಅಡಿಯಿಂದ ಹಳದಿಯ ಒಂದು ಎಳೆ ಇಣುಕುತ್ತಿತ್ತು. ಮೊದಲು ಇದ್ದ ಹಳದಿ ಟೇಪನ್ನು ಕಿತ್ತು, ಅದರ ಜಾಗದಲ್ಲಿ ನೀಲಿಯನ್ನು ಅಂಟಿಸಿದ್ದರು. ನೀಲಿ ಟೇಪಿನ ತುದಿ ಕತ್ತರಿಯಿಂದ ಕತ್ತರಿಸಿದಂತೆ ನೇರವಾಗಿರಲಿಲ್ಲ. ಗರಗಸದ ಹಲ್ಲಿನಂತೆ ಏರಿಳಿದಿತ್ತು.

ಅಂಥ ಹಲ್ಲುಗಳಿರುವ ಟೇಪಿನ ಸ್ಟ್ಯಾಂಡು, ಅದಕ್ಕೆ ಹಾಕಿದ ನೀಲಿ ಟೇಪಿನ ಉರುಳೆ, ಎರಡನ್ನೂ ಅವಳು ಹೋದ ವಾರವೇ ಒಂದು ಕಡೆ ನೋಡಿದ್ದಳು.

ಕ್ರೋಂಪೇಟೆ ಸ್ಟೇಷನ್ನಿನ ಎದುರಿಗಿದ್ದ, ಹರ್ಷಿಣಿಯ ತಂದೆ ಸದಾನಂದನ ಸಸ್ಯಾಹಾರಿ ಹೋಟೆಲಿನಲ್ಲಿ ಬೆಳಗಿನ ತಿಂಡಿಯ ಗದ್ದಲ ಇನ್ನೂ ಇಳಿದಿರಲಿಲ್ಲ. ಸದಾನಂದ ಗಲ್ಲಾದಲ್ಲಿ ಕುಳಿತಿದ್ದ. ಅವನ ತಲೆಯ ಮೇಲೆ ಗಂಧದ ಹಾರ ಹಾಕಿದ ಹರ್ಷಿಣಿಯ ಫೋಟೋ, ಅದರ ಪಕ್ಕದಲ್ಲೇ ಹೊಸ ಫ್ಲೆಕ್ಸು. ರಾಷ್ಟ್ರೀಯ ಶಿಬಿರಕ್ಕೆ ಆಯ್ಕೆಯಾದ ದೀಕ್ಷಿತಾಳಿಗೆ ಅಭಿನಂದನೆ ಎಂದು ತಮಿಳಿನಲ್ಲಿ ಬರೆದಿತ್ತು. ಮಗಳ ಹದಿಮೂರನೆಯ ದಿನ ಮುಗಿದು ಒಂದು ವಾರವಾಗಿತ್ತು.

ಅವನು ತಗ್ಗಿದ ದನಿಯಲ್ಲಿ ಭವಾನಿಯನ್ನು ಬೇಡಿಕೊಂಡ. ಸೋಮವಾರ ದೀಕ್ಷಿತಾ ಶಿಬಿರಕ್ಕೆ ಹೊರಡುತ್ತಾಳೆ, ಅವಳ ಮನಸ್ಸು ಕೆಡಿಸಬೇಡಿ, ಇದನ್ನೆಲ್ಲ ಇಲ್ಲಿಗೇ ಬಿಟ್ಟುಬಿಡಿ ಎಂದ.

"ಒಬ್ಬಳಾದ್ರೂ ಓಡ್ಲಿ ಮಾ."

ಭವಾನಿ ಪಾರ್ಸೆಲ್ ಕೌಂಟರಿಗೆ ಹೋದಳು. ಅಲ್ಲಿ ಸದಾನಂದನ ಹೆಂಡತಿ ಸುಗುಣಾ ಕೂರುತ್ತಿದ್ದಳು. ಇಪ್ಪತ್ತೈದು ವರ್ಷದಿಂದ ಬೆಳಿಗ್ಗೆ ಐದೂವರೆಗೆ ಅದೇ ಸ್ಟೂಲು. ಮಗಳು ಸತ್ತ ಮೇಲೆ ಹದಿನಾಲ್ಕನೆಯ ದಿನವೇ ವಾಪಸು ಬಂದು ಕೂತಿದ್ದಳು.

ಈರುಳ್ಳಿ ಹಾಕದ ಎರಡು ವಡೆ ಕಟ್ಟಿಕೊಡಿ ಎಂದು ಭವಾನಿ ಕೇಳಿದಳು. ಸುಗುಣಾ ಎಲೆಯಲ್ಲಿಟ್ಟು, ಪೇಪರು ಸುತ್ತಿ, ಸ್ಟ್ಯಾಂಡಿನಿಂದ ನೀಲಿ ಟೇಪು ಎಳೆದು ಹರಿದು ಅಂಟಿಸಿದಳು. ಈರುಳ್ಳಿ ಇಲ್ಲದ ಪಾರ್ಸೆಲ್ಲಿಗೆ ನೀಲಿ ಎಂಬುದು ಆ ಹೋಟೆಲಿನ ಗುರುತು.

ಭವಾನಿ ಪೊಟ್ಟಣದ ಪಕ್ಕದಲ್ಲಿ ಡಬ್ಬಿಯನ್ನು ಇಟ್ಟಳು. ಎರಡು ನೀಲಿ ತುದಿಗಳು ಅಕ್ಕಪಕ್ಕ ಬಂದವು. ಹಲ್ಲಿಗೆ ಹಲ್ಲು ಒಂದೇ.

ಸುಗುಣಾ ಎರಡನ್ನೂ ನೋಡಿದಳು. ಆಮೇಲೆ ಕೆಲಸದ ಜಯರಾಮನನ್ನು ಕರೆದು, ಸ್ವಲ್ಪ ಇಲ್ಲಿ ಕೂತ್ಕೋ ಎಂದು ಹೇಳಿ, ಸೆರಗು ಸರಿಮಾಡಿಕೊಂಡು, ಹಿಂದಿನ ಮೆಟ್ಟಿಲು ಹತ್ತಿದಳು. ಭವಾನಿ ಹಿಂಬಾಲಿಸಿದಳು.

ಹೋಟೆಲಿನ ಮೇಲೆಯೇ ಮನೆ. ಸುಗುಣಾ ನೇರವಾಗಿ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಕೈ ತೊಳೆಯತೊಡಗಿದಳು. ತೊಳೆಯುತ್ತಲೇ ಇದ್ದಳು. ಭವಾನಿ ಹೋಗಿ ನಲ್ಲಿ ನಿಲ್ಲಿಸಿದಳು.

"ಟೇಪು ಬದಲಾಯ್ಸಿದ್ದು ನೀವೇ ಅಲ್ರಿ ಅಕ್ಕಾ?"

"ಹೌದು."

ಅಷ್ಟು ಬೇಗ ಬರುತ್ತದೆಂದು ಭವಾನಿ ಎಣಿಸಿರಲಿಲ್ಲ.

ಸುಗುಣಾ ನಿಂತೇ ಹೇಳಿದಳು. ಆ ವಾರವೆಲ್ಲ ಮನೆಯಲ್ಲಿ ಬೆಂಕಿ. ಮನೆಯಲ್ಲೇ ತೀರ್ಮಾನ ಮಾಡಿಕೊಳ್ಳಿ ಎಂದು ಕೋಚು ಹೇಳಿ ಕಳಿಸಿದಾಗಿನಿಂದ ಅಕ್ಕತಂಗಿ ಒಂದೇ ಹೊತ್ತಿಗೆ ತಟ್ಟೆಯ ಮುಂದೆ ಕೂತದ್ದಿಲ್ಲ. ನೀನು ಹುಟ್ಟದೇ ಇದ್ದಿದ್ರೆ ಚೆನ್ನಾಗಿತ್ತು ಎಂದು ಮಂಗಳವಾರ ಹರ್ಷಿಣಿ ತಂಗಿಯ ಮುಖಕ್ಕೇ ಹೇಳಿದ್ದನ್ನು ಸುಗುಣಾ ಕಿವಿಯಾರೆ ಕೇಳಿದ್ದಳು.

ಶನಿವಾರ ಮಧ್ಯಾಹ್ನ ಊಟದ ಗಿರಾಕಿ ಮುಗಿದು ಅವಳು ಮೇಲೆ ಬಂದಾಗ ಹರ್ಷಿಣಿ ಇದೇ ನೆಲದ ಮೇಲೆ ಪೇಪರು ಹಾಸಿ ಕ್ಯಾಪ್ಸೂಲು ತುಂಬುತ್ತಿದ್ದಳು. ಅದು ಪ್ರತಿ ಶನಿವಾರದ ಕೆಲಸ. ಆದರೆ ಮುಂದಿದ್ದದ್ದು ಎಂದಿನ ಉಪ್ಪಿನ ಪೊಟ್ಟಣವಲ್ಲ, ಎಂದೂ ಕಾಣದ ಬಿಳಿ ಟಿನ್ನು. ತುಂಬುತ್ತಿದ್ದದ್ದು ತನ್ನ ಡಬ್ಬಿಗಲ್ಲ, ತಂಗಿಯ ಹಳದಿ ಡಬ್ಬಿಗೆ. ತಾಯಿಯನ್ನು ಕಂಡೊಡನೆ ಟಿನ್ನನ್ನು ಬೆನ್ನ ಹಿಂದೆ ಸರಿಸಿದಳು. ಎಂತ ಅದು ಎಂದು ಕೇಳಿದರೆ ಎಂತದೂ ಇಲ್ಲಮ್ಮ ಎಂದಳು.

"ಅವಳು ಸ್ನಾನಕ್ಕೆ ಹೋದಾಗ ಪೇಪರಲ್ಲಿ ಉಳಿದ ಪುಡಿ ನಾಲಿಗೆಗೆ ಹಚ್ಚಿ ನೋಡಿದೆ. ಕಹಿ. ಉಪ್ಪಲ್ಲ." ಸುಗುಣಾಳ ದನಿ ಏರಲಿಲ್ಲ. "ತುಂಬುವಾಗ ಅವಳು ಹಾಡ್ತಾ ಇದ್ದದ್ದು ನನಗೆ ಮೆಟ್ಟಿಲಿಗೇ ಕೇಳಿಸಿತ್ತು. ತಂಗಿಗೆ ವಿಷ ತುಂಬ್ತಾ ಹಾಡ್ತಾಳಲ್ಲ, ಎಂಥ ಮಗಳನ್ನು ಹೆತ್ತೆ ಅಂತ ಅನ್ನಿಸಿತು."

"ವಿಷ ಅಂತ ಗೊತ್ತಿತ್ತು ನಿಮಗೆ."

"ಸಾಯುವ ವಿಷ ಅಂತ ಗೊತ್ತಿರ್ಲಿಲ್ಲ. ಹೊಟ್ಟೆ ಕೆಡಿಸಲಿಕ್ಕೆ ಎಂತದೋ ಹಾಕಿದ್ದಾಳೆ, ತಂಗಿ ಅರ್ಧ ದಾರಿಯಲ್ಲಿ ಕೂತ್ಕೊಳ್ಳಲಿ ಅಂತ. ಅಷ್ಟೇ ಅಂದ್ಕೊಂಡೆ."

"ಚೆಲ್ಲಬೌದಿತ್ತಲ್ರಿ."

"ಚೆಲ್ಲಿದ್ರೆ ಬರುವ ವಾರ ಮಾಡ್ತಿದ್ಲು. ಅವಳು ತಂಗಿಗೆ ಇಟ್ಟದ್ದು ಅವಳ ಹೊಟ್ಟೆಗೇ ಹೋಗ್ಲಿ, ರಸ್ತೆಯಲ್ಲಿ ನಾಲ್ಕು ಜನರ ಮುಂದೆ ನರಳ್ಲಿ, ಆಗ ಬುದ್ಧಿ ಬರ್ತದೆ ಅಂತ."

ಹರ್ಷಿಣಿ ಸ್ನಾನದಿಂದ ಬರುವುದರೊಳಗೆ ಸುಗುಣಾ ಎರಡು ಡಬ್ಬಿಯ ಟೇಪನ್ನೂ ಕಿತ್ತಳು. ಅಂಚಿನ ಒಂದು ಎಳೆ ಬಿಟ್ಟರೆ ಹಳದಿ ಹಾಗೇ ಬಂತು, ಅದನ್ನು ಉಪ್ಪಿದ್ದ ಡಬ್ಬಿಗೆ ಹಚ್ಚಿದಳು. ನೀಲಿ ಹರಿದುಹೋಯಿತು. ಕೆಳಗೆ ಹೋಗಿ ಕೌಂಟರಿನಿಂದ ಒಂದು ತುಂಡು ತಂದಳು.

"ದೊಡ್ಡವಳನ್ನು ಒಂದು ಮಾತು ಕೇಳಲಿಲ್ಲೇನು ನೀವು?"

"ಕೇಳಿದ್ರೆ ಸುಳ್ಳು ಹೇಳ್ತಾಳೆ ಅಂದ್ಕೊಂಡೆ."

"ಭಾನುವಾರ ಡಬ್ಬಿ ಸೊಂಟಕ್ಕೆ ಕಟ್ಟಿದವರು ಯಾರು?"

ಸುಗುಣಾ ತನ್ನ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದಳು.

ಭವಾನಿ ಅಲ್ಲಿಗೆ ನಿಲ್ಲಿಸಬಹುದಿತ್ತು. ಅವಳು ನಿಲ್ಲಿಸಲಿಲ್ಲ. ಪ್ರಯೋಗಾಲಯದಲ್ಲಿದ್ದಾಗ ಅರ್ಧ ಸತ್ಯ ಬರೆದ ಒಂದು ವರದಿಗೆ ಸಹಿ ಹಾಕಿ, ಆ ಸಹಿಯ ಕಾರಣಕ್ಕೇ ಕೆಲಸ ಬಿಟ್ಟು ಬಂದವಳು ಅವಳು. ಅಂದಿನಿಂದ ಅರ್ಧ ಹೇಳುವುದು ಅವಳಿಂದ ಆಗುತ್ತಿರಲಿಲ್ಲ. ಟಿನ್ನನ್ನು ಹರ್ಷಿಣಿಯೇ ತೆಗೆದುಕೊಂಡಳೆಂದು ಕೋಚು ಹೇಳಿದ್ದನ್ನೂ ಹನ್ನೊಂದು ಕ್ಯಾಪ್ಸೂಲಿನ ವಿಷಯವನ್ನೂ ಹೇಳಿದಳು. ಇಪ್ಪತ್ತೆರಡನೆಯ ಕಿಲೋಮೀಟರಿನಲ್ಲಿ ಎದೆ ಹೊಡೆದುಕೊಳ್ಳುತ್ತಿದೆ ಎಂದು ಮಗಳು ಹೇಳಿದ್ದು, ಉಪ್ಪೇ ತನ್ನನ್ನು ಕಾಯುತ್ತದೆಂದು ನಂಬಿ ಇನ್ನೆರಡು ನುಂಗಿದ್ದು, ಬಿದ್ದ ಮೇಲೂ ಕೆಲವು ನಿಮಿಷ ಅವಳಿಗೆ ಎಚ್ಚರವಿದ್ದದ್ದು. ಎಲ್ಲವನ್ನೂ ಒಂದಾದ ಮೇಲೊಂದು ಹೇಳಿದಳು.

ಸುಗುಣಾ 'ಸಾಕು' ಅನ್ನಲಿಲ್ಲ. ಅಡುಗೆಕಟ್ಟೆಯ ಅಂಚನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಕೊನೆಯ ತನಕ ಕೇಳಿಸಿಕೊಂಡಳು. ಇಪ್ಪತ್ತು ದಿನದಿಂದ ಅವಳು ಡಾಕ್ಟರು ಬರೆದ ಬಿಸಿಲಿನ ಹೊಡೆತ ಎಂಬ ಎರಡು ಮಾತನ್ನು ಹಿಡಿದುಕೊಂಡು ಬದುಕಿದ್ದಳು. ಈಗ ಅದೂ ಹೋಯಿತು.

"ಅವಳು ಪಾಪ ಮಾಡಿದ್ಲು," ಎಂದಳು ಕೊನೆಗೆ. "ನಾನು ದೊಡ್ಡ ಪಾಪ ಮಾಡಿದೆ. ಆದ್ರೆ ಮೊದಲು ಮಾಡಿದ್ದು ಅವಳು. ಅಷ್ಟಾದ್ರೂ ಬರ್ಕೊಳ್ಳಿ."

ಒಳಕೋಣೆಯ ಬಾಗಿಲು ತೆರೆಯಿತು.

ದೀಕ್ಷಿತಾ ನಿಂತಿದ್ದಳು. ಇಪ್ಪತ್ತೊಂದರ ಹುಡುಗಿ, ಕ್ರೋಂಪೇಟೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕೊನೆಯ ವರ್ಷ. ಶಿಬಿರಕ್ಕೆ ಮೊದಲು ಎರಡು ದಿನ ವಿಶ್ರಾಂತಿ ಎಂದು ಕೋಚೇ ಮನೆಯಲ್ಲಿರಲು ಹೇಳಿದ್ದ. ಅವಳು ಎಷ್ಟು ಹೊತ್ತಿನಿಂದ ಕೇಳಿಸಿಕೊಳ್ಳುತ್ತಿದ್ದಳು ಎಂದು ಯಾರಿಗೂ ಗೊತ್ತಿರಲಿಲ್ಲ. ಅವಳ ಮುಖ ನೋಡಿದರೆ ಎಲ್ಲವನ್ನೂ ಕೇಳಿದ್ದಾಳೆಂದು ತಿಳಿಯುತ್ತಿತ್ತು.

"ಸಾರ್ ದಾನ್ ಕುಡುತ್ತಾರು," ಎಂದಳು ತಮಿಳಿನಲ್ಲಿ. ಮನೆಯಲ್ಲಿ ಅವಳು ಕನ್ನಡಕ್ಕೆ ಉತ್ತರ ಕೊಡುತ್ತಿದ್ದದ್ದೇ ತಮಿಳಿನಲ್ಲಿ. ತಾಯಿಗೆ ಅರ್ಥವಾಗದೇ ಹೋಯಿತೇನೋ ಎಂಬಂತೆ ಅದನ್ನೇ ತಡವರಿಸುತ್ತ ಕನ್ನಡದಲ್ಲಿ ಹೇಳಿದಳು. "ಸರ್ ಕೊಟ್ಟದ್ದು ಅಮ್ಮ. ಆ ಟಿನ್ನು. ಅಕ್ಕ ಕದಿಯಲಿಲ್ಲ. ಸರ್ ನನ್ನ ಕೈಯಲ್ಲೇ ಕೊಟ್ಟರು."

ಸುಗುಣಾ ಅವಳ ಕಡೆ ತಿರುಗಲಿಲ್ಲ.

ಶುಕ್ರವಾರ ಸಂಜೆ ಸುಜಯೀಂದ್ರ ದೀಕ್ಷಿತಾಳನ್ನು ಒಬ್ಬಳನ್ನೇ ಕರೆದಿದ್ದ. ಶಿಬಿರಕ್ಕೆ ನಿನ್ನನ್ನೇ ಕಳಿಸುತ್ತೇನೆ ಎಂದು ಹೇಳಿ ಟಿನ್ನನ್ನು ಕೈಗೆ ಇಟ್ಟಿದ್ದ. ಇದು ವಿದೇಶದ ಉಪ್ಪು, ನಿನಗೆ ಮಾತ್ರ, ಈ ಭಾನುವಾರ ಇದನ್ನೇ ತುಂಬಿಕೊಂಡು ಬಾ, ಖಾಲಿ ಟಿನ್ನು ನನಗೆ ವಾಪಸು ಕೊಡು, ಯಾರಿಗೂ ತೋರಿಸಬೇಡ ಎಂದಿದ್ದ. ಶನಿವಾರ ಅವಳಿಗೆ ಕಾಲೇಜಿನಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ತುಂಬಲು ಹೊತ್ತಿರಲಿಲ್ಲ. ಅಕ್ಕನಿಗೆ ಶಿಬಿರದ ಮಾತನ್ನೂ ಟಿನ್ನಿನ ಮಾತನ್ನೂ ಹೇಳಿ, ಅಳುತ್ತ, ನೀನೇ ತುಂಬಿಡು ಎಂದು ಕೇಳಿಕೊಂಡಳು. ಮಂಗಳವಾರ ಆಡಿದ ಮಾತಿಗೆ ಹರ್ಷಿಣಿ ಅವಳನ್ನು ತಬ್ಬಿಕೊಂಡು ಕ್ಷಮೆ ಕೇಳಿದಳು. ನೀನು ಹೋದರೂ ನಾನು ಹೋದ ಹಾಗೇ ಅಲ್ವಾ ಎಂದಳು.

"ಯಾರಿಗೂ ತೋರಿಸಬೇಡ ಅಂತ ನಾನು ಹೇಳಿದ್ದೆ ಅಮ್ಮ. ಅದಕ್ಕೇ ಅವಳು ಮುಚ್ಚಿಟ್ಟಳು. ಅವಳಿಗೆ ಅದು ಉಪ್ಪು ಅಂತಲೇ ಗೊತ್ತಿದ್ದದ್ದು."

"ಹಾಡ್ತಾ ಇದ್ಲಲ್ಲ," ಎಂದಳು ಸುಗುಣಾ.

"ನನಗೆ ಸಿಕ್ಕಿತು ಅಂತ. ಅವಳಿಗೆ ಖುಷಿ ಆಗಿತ್ತು."

ಸುಗುಣಾ ಕೂತಳು. ಹರ್ಷಿಣಿ ಪೇಪರು ಹಾಸಿದ್ದ ಅದೇ ನೆಲ. ಬಾಯಿಂದ ಒಂದು ಸದ್ದು ಹೊರಟಿತು, ಅಳುವಲ್ಲ, ಮಾತೂ ಅಲ್ಲ. ದೀಕ್ಷಿತಾ ತಾಯಿಯ ಹತ್ತಿರ ಹೋಗಲಿಲ್ಲ. ಹೋಗಲು ಅವಳಿಂದಾಗಲಿಲ್ಲ.

ಭವಾನಿ ಹುಡುಗಿಯನ್ನು ಕೇಳಿದಳು. ಇದನ್ನು ಮೂರು ವಾರ ಯಾಕೆ ಹೇಳಲಿಲ್ಲ?

ದೀಕ್ಷಿತಾಳ ಉತ್ತರದಲ್ಲಿ ಮೋಸವಿರಲಿಲ್ಲ. ಟಿನ್ನಿನ ಪುಡಿ ಹೋದದ್ದು ತನ್ನ ಹಳದಿ ಡಬ್ಬಿಗೆ. ಆ ಡಬ್ಬಿಯ ಕ್ಯಾಪ್ಸೂಲನ್ನೇ ನುಂಗಿ ತಾನು ಮೂವತ್ತೆರಡು ಕಿಲೋಮೀಟರು ಓಡಿದೆ, ತನಗೆ ಏನೂ ಆಗಲಿಲ್ಲ ಎಂದೇ ಅವಳು ಈ ಹೊತ್ತಿನವರೆಗೂ ನಂಬಿದ್ದಳು. ಅಕ್ಕನ ನೀಲಿ ಡಬ್ಬಿಗೆ ಬೇರೆ ಯಾರೋ ಏನೋ ಬೆರೆಸಿದ್ದಾರೆ ಎಂಬುದು ಅವಳ ಅನುಮಾನ. ಟೇಪು ಬದಲಾದದ್ದು ಅವಳಿಗೆ ಗೊತ್ತಾದದ್ದು ಈಗ, ತಾಯಿಯ ಬಾಯಿಂದ.

ಹಾಗಾದರೆ ಸಾಯಬೇಕಿದ್ದವಳು ಹರ್ಷಿಣಿಯಲ್ಲ. ಭವಾನಿ ಅದನ್ನು ಬಾಯಿಬಿಟ್ಟು ಹೇಳುವ ಮೊದಲೇ ದೀಕ್ಷಿತಾ ಹೇಳಿದಳು.

"ಆಂಟಿ, ಅವತ್ತು ಫುಲ್ ರೂಟ್ ಸರ್ ಸ್ಕೂಟರ್ ನನ್ನ ಹಿಂದೇನೇ ಇತ್ತು. ಅಕ್ಕನ ಹಿಂದೆ ಅಲ್ಲ. ತಗೊಂಡ್ಯಾ, ತಗೊಂಡ್ಯಾ ಅಂತ ಕೇಳ್ತಾನೇ ಇದ್ರು. ನಾನು ಬೀಳೋದನ್ನು ಕಾಯ್ತಾ ಇದ್ರು."

"ಯಾಕವ್ವಾ? ನೀನು ಅವನಿಗೆ ಏನು ಮಾಡಿದ್ದಿ?"

ಹುಡುಗಿ ತಾಯಿಯ ಕಡೆ ನೋಡಿದಳು. ನೆಲದ ಮೇಲಿದ್ದ ಸುಗುಣಾಳಿಗೆ ಅವರ ಮಾತು ಕೇಳಿಸುತ್ತಿತ್ತೋ ಇಲ್ಲವೋ.

ಪೆರಂಬೂರಿನಲ್ಲಿ ನಾಗರತ್ನಮ್ಮ ಎಂಬವರಿದ್ದಾರೆ, ನಿಮಗೆ ಗೊತ್ತಲ್ಲ ಎಂದಳು ದೀಕ್ಷಿತಾ. ಭವಾನಿಗೆ ಗೊತ್ತಿತ್ತು. ಅವಳ ಮನೆಯೂ ಪೆರಂಬೂರಿನಲ್ಲೇ; ಅವಳ ಅಜ್ಜ ದಾವಣಗೆರೆ ಕಡೆಯಿಂದ ಬಂದು ರೈಲ್ವೆ ವರ್ಕ್‌ಷಾಪು ಸೇರಿದವರು. ನಾಗರತ್ನಮ್ಮ ಎರಡು ಬೀದಿ ಆಚೆ. ಅವರ ಮಗಳು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾಳೆ, ಚಮಚ ಹಿಡಿಯಲೂ ಕೈಯಲ್ಲಿ ಬಲವಿಲ್ಲ. ಜ್ವರ ತಲೆಗೇರಿ ಹಾಗಾಯಿತು ಎಂದು ಬೀದಿಯವರು ಹೇಳುತ್ತಿದ್ದರು.

ಜ್ವರವಲ್ಲ ಎಂದಳು ದೀಕ್ಷಿತಾ. ಆ ಹುಡುಗಿಯೂ ಸುಜಯೀಂದ್ರನ ಓಟಗಾರ್ತಿ. ಅವಳಿಗೂ ಅವನು ಒಂದು ಟಿನ್ನು ಕೊಟ್ಟಿದ್ದ, ಎಷ್ಟು ತಡೆದುಕೊಳ್ಳುತ್ತಾಳೆ ನೋಡೋಣ ಎಂದು ವಾರ ವಾರ ಹೆಚ್ಚಿಸುತ್ತ ಹೋಗಿದ್ದ. ಒಂದು ದಿನ ಓಡುತ್ತಲೇ ಬಿದ್ದಳು, ಹೃದಯ ನಾಲ್ಕು ನಿಮಿಷ ನಿಂತಿತ್ತು. ಅರ್ಧ ಉಳಿದ ಆ ಟಿನ್ನನ್ನೂ, ಯಾವ ವಾರ ಎಷ್ಟು ಎಂದು ಅವನೇ ಬರೆದುಕೊಟ್ಟ ಚೀಟಿಗಳನ್ನೂ ನಾಗರತ್ನಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ. ದೀಕ್ಷಿತಾ ಆ ಮನೆಗೆ ಹೋಗಿ ಎಲ್ಲವನ್ನೂ ಕಣ್ಣಾರೆ ನೋಡಿ ಬಂದಳು. ಅಕ್ಕ ಸತ್ತ ಭಾನುವಾರಕ್ಕೆ ಮೂರು ದಿನ ಮೊದಲು, ಗುರುವಾರ, ಸುಜಯೀಂದ್ರನ ಎದುರು ನಿಂತು, ಆ ಕಪಾಟಿನಲ್ಲಿರುವುದನ್ನೆಲ್ಲ ಪೊಲೀಸರಿಗೆ ತೋರಿಸುತ್ತೇನೆ ಎಂದಳು.

"ಶುಕ್ರವಾರ ಕ್ಯಾಂಪು ಕೊಡ್ತೇನೆ ಅಂದರು." ಅವಳ ದನಿ ಮೊದಲ ಸಲ ಒಡೆಯಿತು. "ನಾನು ಸುಮ್ಮನಾದೆ ಆಂಟಿ. ಆ ಹುಡುಗಿಯನ್ನು ನೋಡಿ ಬಂದವಳು ಸುಮ್ಮನಾದೆ. ಅಲ್ಲಿ ನೋಡಿದ ಟಿನ್ನು ಬೇರೆ ಥರ ಇತ್ತು, ಇದು ಉಪ್ಪು ಅಂದದ್ದನ್ನು ನಂಬಿದೆ. ಆಮೇಲೆ ಅಕ್ಕ ಹೋದಳು. ನಾಗರತ್ನಮ್ಮನೇ ನಿಮ್ಮ ನಂಬರು ಕೊಟ್ಟು, ಇವರನ್ನು ನಂಬು ಅಂತ ಹೇಳಿ ಕಳಿಸಿದ್ದು."

ಭವಾನಿ ಫೋನು ತೆಗೆದಳು. ಆ ಟಿನ್ನು, ಆ ಚೀಟಿಗಳು, ಆ ಹುಡುಗಿ. ದೀಕ್ಷಿತಾ ತನ್ನ ಟಿನ್ನನ್ನು ಆಗಲೇ ಅವನಿಗೆ ವಾಪಸು ಕೊಟ್ಟಿದ್ದಳು; ಸುಜಯೀಂದ್ರನ ವಿರುದ್ಧ ಈ ಭೂಮಿಯ ಮೇಲೆ ಇದ್ದ ಸಾಕ್ಷಿ ಅಷ್ಟೇ. ಅವನ ಎದುರು ವರದಿ ಇಟ್ಟು, ತಾನು ಎಲ್ಲಿಯವರೆಗೆ ಬಂದಿದ್ದೇನೆ ಎಂದು ತಾನೇ ಅವನಿಗೆ ತೋರಿಸಿ ಬಂದಿದ್ದಳು.

ನಾಗರತ್ನಮ್ಮನ ಫೋನು ಬಹಳ ಹೊತ್ತು ಹೊಡೆದುಕೊಂಡಿತು. ಎತ್ತಿದ್ದು ಪಕ್ಕದ ಮನೆಯ ಪ್ರೇಮಮ್ಮ. ಫೋನು ಇಲ್ಲೇ ಹಾಸಿಗೆ ಮೇಲೆ ಬಿಟ್ಟು ಹೋಗಿದ್ದಾರೆ, ಬಾಗಿಲೂ ಹಾಕಿಲ್ಲ, ಅದಕ್ಕೇ ನಾನು ಬಂದು ಕೂತಿದ್ದೇನೆ ಎಂದಳು.

ಎಲ್ಲಿಗೆ ಹೋದರು ಎಂದು ಭವಾನಿ ಕೇಳಿದಳು.

"ಒಂಬತ್ತೂವರೆಗೆ ಬಿಳೀ ಕಾರು ಬಂತಲ್ಲಮ್ಮ," ಎಂದಳು ಪ್ರೇಮಮ್ಮ. "ಇಬ್ಬರು ಗಂಡಸರು ಹುಡುಗೀನ ಬೆಡ್‌ಶೀಟಿನಲ್ಲೇ ಎತ್ತಿ ಕಾರಿಗೆ ಹಾಕ್ಕೊಂಡರು. ಕಪಾಟಿನ ಸಾಮಾನೆಲ್ಲ ತಗೋಬೇಕು ಅಂದಿದ್ದಕ್ಕೆ ನಾಗರತ್ನಮ್ಮನೇ ಬೀಗ ತೆಗೆದು ಕೊಟ್ಟು, ಚಪ್ಪಲಿ ಕೂಡ ಹಾಕದೆ ಹಿಂದೆ ಹತ್ತಿದ್ಲು. ನಾನು ಕೇಳಿದೆ, ಯಾರಪ್ಪ ನೀವು ಅಂತ. ಭವಾನಿ ಮೇಡಂ ಕಳಿಸಿದ್ದು ಅಂದರು. ಯಾಕೆ, ನೀವು ಕಳಿಸಿದ್ದಲ್ವಾ?"